ಹಡಗಿಳಿದವರ ಅಡುಗೆ: ಪೆರು ದೇಶದ ಊಟದ ಚರಿತ್ರೆ

ಸ್ಪ್ಯಾನಿಷ್ ಭಾಷೆಯಲ್ಲಿ ಶುಂಠಿಗೆ ‘ಹೆನ್‌ಹಿಬ್ರೆ’ ಎಂದು ಹೆಸರು. ಸ್ಪ್ಯಾನಿಷ್ ಆಡುವ ಪೆರು ದೇಶದ ಸಂತೆಯಲ್ಲಿ ಮಾತ್ರ ಅದು ‘ಕಿಯೋನ್’. ಸೋಯಾ ಸಾಸ್ ಅಲ್ಲಿ ‘ಸಿಯಾವೊ’. ಸಿಪ್ಪೆಯೊಂದಿಗೇ ತಿನ್ನುವ ಚಪ್ಪಟೆ ಬಟಾಣಿ ಕಾಯಿ ‘ಹೊಲಾಂತಾವೊ’. ಮೂರೂ ದಕ್ಷಿಣ ಚೀನಾದ ಕ್ಯಾಂಟನ್ ಸೀಮೆಯ ಮಾತುಗಳು. ಕೊನೆಯ ಪದದ್ದು ಇನ್ನೂ ಸುತ್ತಿನ ದಾರಿ: ಕ್ಯಾಂಟನೀಸ್ ಭಾಷೆಯಲ್ಲಿ ಅದರ ಅರ್ಥ ‘ಹಾಲೆಂಡಿನ ಕಾಳು’. ಡಚ್ಚರ ಹೆಸರು ಹೊತ್ತು ಚೀನಾದಲ್ಲಿ ಬೆಳೆದ ಕಾಯಿ ಚೀನೀ ಹೆಸರು ಹೊತ್ತು ಪೆಸಿಫಿಕ್ ಸಾಗರದ ಆಚೆ ದಡ ಸೇರಿತು. ಈ ಹೆಸರುಗಳನ್ನು ಪೆರುವಿಗೆ ತಂದವರು ರಾಯಭಾರಿಗಳೂ ಅಲ್ಲ, ಬಾಣಸಿಗರೂ ಅಲ್ಲ. ಹಕ್ಕಿಯ ಹಿಕ್ಕೆ ಅಗೆಯಲೂ ಕಬ್ಬು ಕಡಿಯಲೂ ಕರಾರಿನ ಮೇಲೆ ಬಂದ ಕೂಲಿಗಳು. ಪೆರುವಿನ ಊಟದ ಚರಿತ್ರೆಯೆಂದರೆ ಬಹುಮಟ್ಟಿಗೆ ಆ ದೇಶ ಬೇರೆ ಬೇರೆ ಕಾಲದಲ್ಲಿ ಯಾರನ್ನು ದುಡಿಸಿಕೊಂಡಿತು ಎಂಬುದರ ಚರಿತ್ರೆ.

ಇದಕ್ಕೆಲ್ಲ ತಳಪಾಯವಾಗಿದ್ದ ಅಡುಗೆ ಆಂಡೀಸ್ ಪರ್ವತದವರದು. ಆಲೂಗಡ್ಡೆಯನ್ನು ಸಾವಿರಾರು ವರ್ಷಗಳ ಹಿಂದೆ ಬೆಳೆಯಾಗಿ ಪಳಗಿಸಿದವರು ಅವರೇ. ರಾತ್ರಿಯ ಹಿಮಕ್ಕೆ ಹೆಪ್ಪುಗಟ್ಟಿಸಿ, ಹಗಲು ಕಾಲಲ್ಲಿ ತುಳಿದು ನೀರು ಹಿಂಡಿ, ಬಿಸಿಲಿಗೆ ಒಣಗಿಸಿ ‘ಚುನ್ಯೊ’ ಮಾಡಿ ವರ್ಷಗಟ್ಟಲೆ ಕೂಡಿಡುವ ಜಾಣ್ಮೆ ಅವರಿಗಿತ್ತು. ಮುಸುಕಿನ ಜೋಳ, ಕಿನೊವಾ, ‘ಅಹಿ’ ಎಂಬ ಮೆಣಸಿನಕಾಯಿ, ‘ಕೂಯ್’ ಎಂಬ ಗಿನಿ ಹಂದಿಯ ಮಾಂಸ, ಕರಾವಳಿಯಲ್ಲಿ ಮೀನು: ಇವು ಇಂಕಾ ಸಾಮ್ರಾಜ್ಯದ ಕಾಲದ ಆಹಾರ. 1532ರಲ್ಲಿ ಸ್ಪೇನಿನ ಫ್ರಾನ್ಸಿಸ್ಕೊ ಪಿಸಾರೊ ಕಹಮಾರ್ಕಾದಲ್ಲಿ ಇಂಕಾ ದೊರೆ ಅತಹುವಾಲ್ಪನನ್ನು ಸೆರೆಹಿಡಿದ. 1535ರಲ್ಲಿ ಕಡಲ ತೀರದ ಹತ್ತಿರ ಲಿಮಾ ನಗರವನ್ನು ಕಟ್ಟಿದ. ಸ್ಪೇನಿನವರ ಹಿಂದೆಯೇ ಗೋಧಿ, ಅಕ್ಕಿ, ಕಬ್ಬು, ದ್ರಾಕ್ಷಿ, ಆಲಿವ್, ಈರುಳ್ಳಿ, ನಿಂಬೆ, ದನ, ಹಂದಿ, ಕೋಳಿ ಬಂದವು. ಇಂದು ಪೆರುವಿನ ಹೆಮ್ಮೆಯೆನಿಸಿದ, ನಿಂಬೆ ರಸದಲ್ಲಿ ಹಸಿ ಮೀನನ್ನು ಪಕ್ವವಾಗಿಸುವ ‘ಸೆವಿಚೆ’ಯಲ್ಲಿ ಮೀನು ಮತ್ತು ಮೆಣಸಿನಕಾಯಿ ಮಾತ್ರ ನೆಲದವು. ನಿಂಬೆ, ಈರುಳ್ಳಿ ಎರಡೂ ಹಡಗಿಳಿದವು.

ಸ್ಪೇನಿನವರು ಕರೆತಂದ ಆಫ್ರಿಕನ್ ಗುಲಾಮರು ಕರಾವಳಿಯ ಕಬ್ಬಿನ ಗದ್ದೆಗಳಲ್ಲೂ ಲಿಮಾದ ಸಿರಿವಂತರ ಅಡುಗೆಮನೆಗಳಲ್ಲೂ ದುಡಿದರು. ಯಜಮಾನರಿಗೆ ಬೇಡವಾದ ದನದ ಗುಂಡಿಗೆಯನ್ನು ತುಂಡುಮಾಡಿ, ಮೆಣಸಿನಕಾಯಿ ಮತ್ತು ವಿನೆಗರ್‌ನಲ್ಲಿ ನೆನೆಸಿ, ಕಡ್ಡಿಗೆ ಸಿಕ್ಕಿಸಿ ಕೆಂಡದ ಮೇಲೆ ಸುಟ್ಟ ‘ಆಂತಿಕೂಚೊ’ ಅವರ ಕೈಯಿಂದ ಊರಿನ ಬೀದಿಗೆ ಬಂತು. ಹಿಂದಿನ ದಿನ ಉಳಿದ ಅನ್ನವನ್ನೂ ಬೇಯಿಸಿದ ಬೀನ್ಸ್ ಕಾಳನ್ನೂ ಕಲಸಿ ಬಾಣಲೆಯಲ್ಲಿ ದಪ್ಪಗೆ ಒತ್ತಿ ಕಾಯಿಸುವ ‘ತಾಕು ತಾಕು’ ಕೂಡ ಅವರದೇ. ಕುಂಬಳ ಮತ್ತು ಗೆಣಸಿನ ಹಿಟ್ಟನ್ನು ಬಳೆಯಂತೆ ಕರಿದು ಪಾಕ ಸುರಿಯುವ ‘ಪಿಕರೋನೆಸ್’ ಅವರ ಹೆಂಗಸರು ಬೀದಿಯಲ್ಲಿ ಕೂತು ಮಾರುತ್ತಿದ್ದ ಸಿಹಿ. ಇದೇ ಶತಮಾನಗಳಲ್ಲಿ ಅಮೆರಿಕದ ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಭಾರತದ ಪಶ್ಚಿಮ ಕರಾವಳಿಗೆ ಬಂದಿಳಿಯಿತು. ಕನ್ನಡಿಗರು ಅದಕ್ಕೆ ಹೊಸ ಹೆಸರು ಹುಡುಕುವ ಗೋಜಿಗೆ ಹೋಗದೆ ತಮ್ಮ ಹಳೆಯ ಮೆಣಸಿನ ಹೆಸರಿಗೇ ಕಾಯಿ ಅಂಟಿಸಿದರು. ಬ್ಯಾಡಗಿಯ ಪೇಟೆಯಲ್ಲಿ ರಾಶಿ ಬೀಳುವ ಕೆಂಪು ಕಾಯಿಗೂ ಲಿಮಾದ ಸಂತೆಯ ಹಳದಿ ಅಹಿಗೂ ದೂರದ ದಾಯಾದಿ ಸಂಬಂಧವಿದೆ.

ಪೆರುವಿನ ಅಡುಗೆ ಹೊಸ ತಿರುವು ಪಡೆದದ್ದು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ. ಕಾರಣ ಗ್ವಾನೊ, ಅಂದರೆ ಕಡಲ ಹಕ್ಕಿಗಳ ಹಿಕ್ಕೆ. ಮಳೆಯೇ ಬೀಳದ ಚಿಂಚಾ ದ್ವೀಪಗಳಲ್ಲಿ ಸಾವಿರಾರು ವರ್ಷಗಳಿಂದ ಗುಡ್ಡವಾಗಿ ಬಿದ್ದಿದ್ದ ಈ ಹಿಕ್ಕೆ ಯುರೋಪಿನ ಹೊಲಗಳಿಗೆ ಉತ್ತಮ ಗೊಬ್ಬರ ಎಂದು ತಿಳಿದದ್ದೇ ತಡ, 1840ರ ದಶಕದಿಂದ ಪೆರುವಿನ ಬೊಕ್ಕಸಕ್ಕೆ ಹಣದ ಹೊಳೆ ಹರಿಯಿತು. ಅಗೆಯುವವರು ಬೇಕಿತ್ತು. ಕರಾವಳಿಯ ಕಬ್ಬು, ಹತ್ತಿಯ ಜಮೀನುದಾರರಿಗೂ ಆಳು ಬೇಕಿತ್ತು. ಗುಲಾಮಗಿರಿಯ ದಿನಗಳು ಮುಗಿಯುತ್ತಿದ್ದವು. 1854ರಲ್ಲಿ ಸೇನಾನಿ ರಮೋನ್ ಕಾಸ್ತಿಯಾ ಅದನ್ನು ರದ್ದುಮಾಡಿದ. ಬಿಡುಗಡೆಯಾದ ಸುಮಾರು 25 ಸಾವಿರ ಮಂದಿಯ ಲೆಕ್ಕದಲ್ಲಿ ಯಜಮಾನರಿಗೆ ತಲೆಗೆ 300 ಪೆಸೊ ಪರಿಹಾರ ಸಿಕ್ಕಿತು, ಅದೂ ಗ್ವಾನೊ ದುಡ್ಡಿನಿಂದಲೇ. ಗುಲಾಮರಿಗೆ ಪರಿಹಾರದ ಮಾತು ಯಾರೂ ಎತ್ತಲಿಲ್ಲ.

ಬದಲಿ ಆಳುಗಳ ವ್ಯವಸ್ಥೆ ಇದಕ್ಕೂ ಐದು ವರ್ಷ ಮೊದಲೇ ಶುರುವಾಗಿತ್ತು. 1849ರ ನವೆಂಬರ್‌ನಲ್ಲಿ ಪೆರುವಿನ ಸಂಸತ್ತು ವಲಸೆ ಕಾಯಿದೆಯೊಂದನ್ನು ಮಾಡಿತು. ಹೊರಗಿನಿಂದ ಐವತ್ತಕ್ಕೆ ಕಡಿಮೆಯಿಲ್ಲದಂತೆ ಆಳುಗಳನ್ನು ತರುವವರಿಗೆ ತಲೆಗೆ 30 ಪೆಸೊ ಬಹುಮಾನ. ಹೆಸರಿಗೆ ಎಲ್ಲ ದೇಶದವರಿಗೂ ಅನ್ವಯಿಸುವ ಕಾಯಿದೆಯಾದರೂ ಜನ ಅದನ್ನು ಕರೆದದ್ದು ‘ಚೀನೀ ಕಾಯಿದೆ’ ಎಂದೇ. ಅದರ ಮೊದಲ ಫಲಾನುಭವಿ ದೊಡ್ಡ ಜಮೀನುದಾರ ದೊಮಿಂಗೊ ಎಲಿಯಾಸ್. ಕಾಯಿದೆಗೆ ಸಹಿ ಬೀಳುವ ಹಿಂದಿನ ತಿಂಗಳೇ ಅವನ ಕೂಲಿಗಳ ಮೊದಲ ತಂಡ, 75 ಜನ ಚೀನೀಯರು, ಕಯಾವೊ ಬಂದರಿನಲ್ಲಿ ಇಳಿದಿದ್ದರು. ಮುಂದಿನ 25 ವರ್ಷಗಳಲ್ಲಿ ಹೀಗೆ ಬಂದವರ ಸಂಖ್ಯೆ ಒಂದು ಲಕ್ಷದ ಹತ್ತಿರ ಹೋಯಿತು. ಹೆಚ್ಚಿನವರು ಪೋರ್ಚುಗೀಸರ ಹಿಡಿತದಲ್ಲಿದ್ದ ಮಕಾವಿನಿಂದ ಹಡಗು ಹತ್ತಿದ ಗ್ವಾಂಗ್‌ಡಾಂಗ್ ಪ್ರಾಂತ್ಯದ ರೈತರು. ಮೂರು ನಾಲ್ಕು ತಿಂಗಳ ಪಯಣದಲ್ಲಿ ರೋಗಕ್ಕೆ, ಬಾಯಾರಿಕೆಗೆ, ದಂಗೆಗೆ ಸತ್ತವರನ್ನು ಸಮುದ್ರಕ್ಕೆ ಹಾಕಲಾಯಿತು.

ಅವರ ಕರಾರು ಎಂಟು ವರ್ಷದ್ದು. ಕೂಲಿ ವಾರಕ್ಕೆ ಒಂದು ಪೆಸೊ. ಜೊತೆಗೆ ದಿನಕ್ಕೆ ಒಂದೂವರೆ ಪೌಂಡ್, ಅಂದರೆ ಮುಕ್ಕಾಲು ಕಿಲೋಗೆ ಸ್ವಲ್ಪ ಕಡಿಮೆ ಅಕ್ಕಿ. ಪೆರುವಿನ ಊಟದ ಚರಿತ್ರೆಯಲ್ಲಿ ಈ ಅಕ್ಕಿಯ ಷರತ್ತಿಗೆ ಇರುವ ತೂಕ ಯಾವ ಅಡುಗೆ ಪುಸ್ತಕಕ್ಕೂ ಇಲ್ಲ. ದ್ವೀಪಗಳಲ್ಲಿ ಕಣ್ಣು ಮೂಗು ಉರಿಸುವ ದೂಳಿನ ನಡುವೆ ಅಗೆದವರಿಗೂ, ಹೊಲದಲ್ಲಿ ಚಾಟಿಯ ಕೆಳಗೆ ಕಬ್ಬು ಕಡಿದು ರಾತ್ರಿ ಬೀಗ ಹಾಕಿದ ಕೊಟ್ಟಿಗೆಯಲ್ಲಿ ಮಲಗಿದವರಿಗೂ ದಿನದ ಕೊನೆಗೆ ಮಡಕೆಯಲ್ಲಿ ಅನ್ನ ಬೇಯಲೇಬೇಕಿತ್ತು. ಮಾತಿಗೆ ತಪ್ಪದೆ ಅಕ್ಕಿ ಕೊಟ್ಟ ಜಮೀನುದಾರ ಪುಣ್ಯಾತ್ಮ ಎನಿಸಿಕೊಂಡ, ತೂಕದಲ್ಲಿ ಮೋಸ ಮಾಡಿದವನ ಹೊಲದಲ್ಲಿ ದಂಗೆಯಾಯಿತು. ಸಿಕ್ಕ ಅಂಗೈಯಗಲ ಜಾಗದಲ್ಲಿ ಅವರು ಸೊಪ್ಪು ತರಕಾರಿ ಬೆಳೆದುಕೊಂಡರು. ಅಕ್ಕಿ ಅದುವರೆಗೂ ಪೆರುವಿಗೆ ಅಪರಿಚಿತವಾಗಿರಲಿಲ್ಲ. ಅದನ್ನು ಕರಾವಳಿಯ ಬಡವನ ದಿನದಿನದ ತುತ್ತಾಗಿ ಮಾಡುವುದರಲ್ಲಿ ಈ ಮಡಕೆಗಳ ಪಾಲು ದೊಡ್ಡದು. ಲ್ಯಾಟಿನ್ ಅಮೆರಿಕದಲ್ಲಿ ತಲಾ ಅಕ್ಕಿ ಅತಿ ಹೆಚ್ಚು ತಿನ್ನುವ ದೇಶಗಳ ಸಾಲಿನಲ್ಲಿ ಪೆರು ಇಂದಿಗೂ ಇದೆ.

ವ್ಯಾಪಾರ ನಿಂತದ್ದು ಕರುಣೆಯಿಂದಲ್ಲ, ಹೊರಗಿನ ಒತ್ತಡದಿಂದ. 1872ರಲ್ಲಿ ‘ಮರಿಯಾ ಲೂಸ್’ ಎಂಬ ಪೆರುವಿನ ಹಡಗು ರಿಪೇರಿಗೆಂದು ಜಪಾನಿನ ಯೊಕೊಹಾಮಾ ಬಂದರಿನಲ್ಲಿ ನಿಂತಾಗ ಒಬ್ಬ ಕೂಲಿ ನೀರಿಗೆ ಹಾರಿ ಪಾರಾದ. ವಿಚಾರಣೆ ನಡೆಸಿದ ಜಪಾನ್ ಹಡಗಿನಲ್ಲಿದ್ದ ಇನ್ನೂರಕ್ಕೂ ಹೆಚ್ಚು ಚೀನೀಯರನ್ನು ಬಿಡಿಸಿ ಊರಿಗೆ ಕಳಿಸಿತು. ಈ ಜಗಳ ಬಗೆಹರಿಸಲು ಹೋದ ಪೆರುವಿನ ನಿಯೋಗ 1873ರಲ್ಲಿ ಜಪಾನಿನೊಂದಿಗೂ 1874ರಲ್ಲಿ ಚೀನಾದೊಂದಿಗೂ ಒಪ್ಪಂದ ಮಾಡಿಕೊಂಡಿತು. ಅದೇ 1874ರಲ್ಲಿ ಮಕಾವಿನ ಕೂಲಿ ವ್ಯಾಪಾರಕ್ಕೂ ತೆರೆ ಬಿತ್ತು. ಜಪಾನಿನ ಒಪ್ಪಂದ ಕಾಲು ಶತಮಾನದ ನಂತರ ಇನ್ನೊಂದು ಹಡಗಿಗೆ ದಾರಿಯಾಗಲಿತ್ತು.

ಕರಾರು ಮುಗಿದ, ಅಥವಾ ಓಡಿಬಂದ, ಚೀನೀಯರು ಲಿಮಾದ ಮುಖ್ಯ ಮಾರುಕಟ್ಟೆಯ ಸುತ್ತ ನೆಲೆಸಿದರು. ಅಲ್ಲಿನ ‘ಕಾಯೆ ಕಪೋನ್’, ಹಂದಿಗಳ ಬೀಜ ಒಡೆಯುತ್ತಿದ್ದ ಬೀದಿ, ಚೀನೀ ಕೇರಿಯ ನಡುಬೀದಿಯಾಯಿತು. ಬಂದವರಲ್ಲಿ ಹೆಣ್ಣುಗಳೇ ಇರಲಿಲ್ಲ ಎನ್ನಬಹುದು. ಪೆರುವಿನ ಬಡ ಹೆಣ್ಣುಮಕ್ಕಳನ್ನು ಮದುವೆಯಾಗಿ ಸಂಸಾರ ಹೂಡಿದರು. ಆ ಮನೆಗಳ ಒಲೆಯ ಮೇಲೆ ಅಹಿ ಮೆಣಸಿನಕಾಯಿಯೂ ಶುಂಠಿಯೂ ಮೊದಲ ಬಾರಿಗೆ ಒಂದೇ ಎಣ್ಣೆಯಲ್ಲಿ ಬಿದ್ದಿರಬೇಕು. ಒಂದಿಷ್ಟು ಕಾಸು ಕೂಡಿಸಿದವರು ‘ಫೊಂದಾ’ ಎಂಬ ಚಿಕ್ಕ ಖಾನಾವಳಿ ತೆರೆದರು. ಮಾರುಕಟ್ಟೆಯ ಹಮಾಲರು, ಗಾಡಿಯವರು, ಕೈಗೆಲಸದವರು ಅಲ್ಲಿಗೆ ಬರುತ್ತಿದ್ದುದು ಚೀನೀ ರುಚಿ ಹುಡುಕಿಕೊಂಡಲ್ಲ. ಅಗ್ಗ, ಬಿಸಿ, ಹೊಟ್ಟೆ ತುಂಬುತ್ತಿತ್ತು. ಹಾಗಾಗಿ ಫೊಂದಾದಲ್ಲಿ ಬಡಿಸುತ್ತಿದ್ದುದೂ ಹೆಚ್ಚುಪಾಲು ಪೆರುವಿನ ಸಾರು, ಬೀನ್ಸ್ ಕಾಳು, ಮಾಂಸವೇ. ಬಾಣಲೆಯನ್ನು ಆಡಿಸುವ ಕೈ ಮಾತ್ರ ಚೀನೀ.

ಇನ್ನು ಕೆಲವರು ಸಿರಿವಂತರ ಮನೆಗಳಲ್ಲಿ ಅಡುಗೆಯವರಾದರು. ಬೀದಿಯ ಫೊಂದಾ ಮತ್ತು ದೊಡ್ಡಮನೆಯ ಅಡುಗೆಕೋಣೆ, ಈ ಎರಡು ದಾರಿಗಳು ಕೂಡುವಲ್ಲಿ ‘ಲೋಮೊ ಸಾಲ್ತಾದೊ’ ಇದೆ. ದನದ ಮಾಂಸವನ್ನು ಬೆರಳುದ್ದ ಸೀಳಿ, ಹೊಗೆಯಾಡುವಷ್ಟು ಕಾದ ದುಂಡುತಳದ ಬಾಣಲೆಯಲ್ಲಿ ದಪ್ಪ ಹೆಚ್ಚಿದ ಈರುಳ್ಳಿ, ಟೊಮೆಟೊ, ಹಳದಿ ಅಹಿಯ ಜೊತೆ ಎರಡು ನಿಮಿಷ ಕುಣಿಸಿ, ಸೋಯಾ ಸಾಸ್ ಮತ್ತು ವಿನೆಗರ್ ಚಿಮುಕಿಸಿ ಇಳಿಸುತ್ತಾರೆ. ಜೊತೆಗೆ ಕರಿದ ಆಲೂಗಡ್ಡೆಯೂ ಹಾಕುತ್ತಾರೆ, ಅನ್ನವೂ ಹಾಕುತ್ತಾರೆ. ಒಂದೇ ತಟ್ಟೆಯಲ್ಲಿ ಎರಡು ಪಿಷ್ಟ ಯಾಕೆ ಎಂದು ಹೊರಗಿನವರು ಹುಬ್ಬೇರಿಸುವುದುಂಟು. ಆಂಡೀಸಿನವನಿಗೆ ಆಲೂಗಡ್ಡೆಯಿಲ್ಲದೆ ಊಟವಲ್ಲ, ಕ್ಯಾಂಟನ್ನಿನವನಿಗೆ ಅನ್ನವಿಲ್ಲದೆ ಊಟವಲ್ಲ. ಇಬ್ಬರೂ ಬಿಟ್ಟುಕೊಡಲಿಲ್ಲ.

ಇಷ್ಟು ಹತ್ತಿರ ಕೂತು ಉಂಡ ಮಾತ್ರಕ್ಕೆ ಚೀನೀಯರನ್ನು ಊರು ತನ್ನವರೆಂದು ಒಪ್ಪಿತು ಎಂದಲ್ಲ. 1879ರಿಂದ 1883ರವರೆಗೆ ಚಿಲಿಯೊಂದಿಗೆ ನಡೆದ ಯುದ್ಧದಲ್ಲಿ ಚಿಲಿಯ ಸೇನಾನಿ ಪಾತ್ರಿಸಿಯೊ ಲಿಂಚ್ ಕರಾವಳಿಯ ಜಮೀನುಗಳ ಕೂಲಿಗಳನ್ನು ಬಿಡಿಸಿದ. ಅವರಲ್ಲಿ ಅನೇಕರು ಅವನ ದಂಡಿನ ಹಿಂದೆ ನಡೆದರು. ಚಾಟಿ ಹಿಡಿದವನ ವಿರುದ್ಧ ನಿಂತವನೊಡನೆ ಹೋಗದೆ ಅವರು ಇನ್ನೇನು ಮಾಡಬೇಕಿತ್ತು ಎಂಬ ಪ್ರಶ್ನೆ ಆಗ ಯಾರಿಗೂ ಬೇಕಿರಲಿಲ್ಲ. 1881ರ ಜನವರಿಯಲ್ಲಿ ಲಿಮಾ ಬಿದ್ದಾಗ ಗುಂಪುಗಳು ಮೊದಲು ನುಗ್ಗಿದ್ದು ಚೀನೀ ಅಂಗಡಿಗಳಿಗೆ. ಲೂಟಿ, ಬೆಂಕಿ, ಕೊಲೆ ನಡೆದವು. ಮತ್ತೆ 1909ರ ಮೇ ತಿಂಗಳಲ್ಲಿ, ಕೂಲಿ ದರ ಇಳಿಯಲು ಚೀನೀಯರೇ ಕಾರಣವೆಂಬ ಕೂಗಿನೊಂದಿಗೆ ಅಂಗಡಿಗಳ ಮೇಲೆ ಕಲ್ಲು ಬಿದ್ದವು. ಅದೇ ದಿನಗಳಲ್ಲಿ ನಗರದ ಮೇಯರ್ ಗಿಯೆರ್ಮೊ ಬಿಲ್ಲಿಂಗ್‌ಹರ್ಸ್ಟ್, ಕಪೋನ್ ಬೀದಿಯ ಹತ್ತಿರ ಚೀನೀಯರು ಕಿಕ್ಕಿರಿದಿದ್ದ ಒತಾಯ್ಸಾ ಓಣಿಯನ್ನು ಕೊಳಕಿನ ಕೊಂಪೆಯೆಂದು ಕೆಡವಿಸಿದ. ವರ್ಷದೊಳಗೆ ಹೊಸ ಚೀನೀ ಕೂಲಿಗಳು ಬಾರದಂತೆ ಎರಡು ಸರಕಾರಗಳ ನಡುವೆ ಒಡಂಬಡಿಕೆಯೂ ಆಯಿತು. ಕೆಡವಿದ ಓಣಿಯ ಪಕ್ಕದ ಖಾನಾವಳಿಗಳು ಮಾತ್ರ ಮಧ್ಯಾಹ್ನದ ಹೊತ್ತಿಗೆ ತುಂಬುವುದು ನಿಲ್ಲಲಿಲ್ಲ.

ಅವುಗಳ ದೆಸೆ ತಿರುಗಿದ್ದು ವರ್ತಕರಿಂದ. ಕೂಲಿಗಳ ಕಾಲ ಮುಗಿಯುವ ಹೊತ್ತಿಗೆ ಕ್ಯಾಲಿಫೋರ್ನಿಯಾ ಮತ್ತು ಹಾಂಗ್‌ಕಾಂಗ್‌ಗಳಲ್ಲಿ ಬೇರುಬಿಟ್ಟ ಚೀನೀ ವ್ಯಾಪಾರದ ಮನೆಗಳು ಲಿಮಾದಲ್ಲೂ ಅಂಗಡಿ ತೆರೆದಿದ್ದವು. ರೇಷ್ಮೆ, ಪಿಂಗಾಣಿಯ ಜೊತೆ ಸೋಯಾ ಸಾಸ್, ಒಣ ಅಣಬೆ, ಚಹಾ, ಮಸಾಲೆ ಬರತೊಡಗಿದವು. 1920, 30ರ ದಶಕಗಳಲ್ಲಿ ಕಪೋನ್ ಬೀದಿಯಲ್ಲಿ ಮೇಜುಬಟ್ಟೆ ಹಾಸಿದ, ಕ್ಯಾಂಟನ್ ಶೈಲಿಯ ಊಟ ಬಡಿಸುವ ದೊಡ್ಡ ಹೋಟೆಲುಗಳು ಎದ್ದವು. ಹಿಂದಿನ ಪೀಳಿಗೆ ಮೂಗು ಮುಚ್ಚಿಕೊಂಡು ದಾಟುತ್ತಿದ್ದ ಬೀದಿಗೆ ಲಿಮಾದ ಶ್ರೀಮಂತರು ಸಂಸಾರ ಸಮೇತ ಊಟಕ್ಕೆ ಬಂದರು. ಈ ಹೋಟೆಲುಗಳಿಗೆ ಜನ ಇಟ್ಟ ಹೆಸರು ‘ಚಿಫಾ’. ಮಾಣಿಗಳು ಕೂಗುತ್ತಿದ್ದ ‘ಚಿ ಫಾನ್’ ಎಂಬ ಮಾತಿನಿಂದ ಅದು ಬಂತೆನ್ನುತ್ತಾರೆ. ‘ಚಿ’ ಎಂದರೆ ಉಣ್ಣು. ‘ಫಾನ್’ ಎಂದರೆ ಬೆಂದ ಅಕ್ಕಿಯೂ ಹೌದು, ಒಟ್ಟು ಊಟವೂ ಹೌದು. ‘ಅನ್ನ’ ಎಂಬ ಒಂದೇ ಪದದಲ್ಲಿ ಎರಡನ್ನೂ ಹೇಳುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಚಿಫಾ’ ಇಂದು ಪೆರುವಿನಲ್ಲಿ ಹೋಟೆಲಿನ ಹೆಸರೂ ಹೌದು, ಅಡುಗೆಯ ಹೆಸರೂ ಹೌದು.

ಚಿಫಾದ ಪಟ್ಟಿಯಲ್ಲಿ ಮೊದಲ ಹೆಸರು ‘ಅರ್ರೋಸ್ ಚೌಫಾ’. ‘ಅರ್ರೋಸ್’ ಎಂದರೆ ಸ್ಪ್ಯಾನಿಷಿನಲ್ಲಿ ಅಕ್ಕಿ. ‘ಚೌಫಾ’ ಎಂದರೆ ಕ್ಯಾಂಟನೀಸಿನಲ್ಲಿ ಹುರಿದ ಅನ್ನ. ‘ಅನ್ನ ಹುರಿದ ಅನ್ನ’ ಎಂದಂತಾಯಿತು, ಯಾರಿಗೂ ಅದರ ಗೊಡವೆಯಿಲ್ಲ. ಚೌಫಾವನ್ನೂ ಹುರಿದ ಶಾವಿಗೆಯನ್ನೂ ಒಟ್ಟಿಗೆ ಕಲಸಿದ ತಟ್ಟೆಗೆ ‘ವಿಮಾನ ನಿಲ್ದಾಣ’ ಎಂದು ಹೆಸರು, ಯಾಕೆಂದರೆ ಅಲ್ಲಿ ಎಲ್ಲವೂ ಬಂದಿಳಿಯುತ್ತದೆ. ಬೆಂಗಳೂರಿನ ತಳ್ಳುಗಾಡಿಯ ಗೋಬಿ ಮಂಚೂರಿಗೂ ಮಂಚೂರಿಯಾಕ್ಕೂ ಎಷ್ಟು ನಂಟೋ ಚಿಫಾದ ಕೆಲವು ತಿನಿಸುಗಳಿಗೂ ಕ್ಯಾಂಟನ್ನಿಗೂ ಅಷ್ಟೇ ನಂಟು. ವ್ಯತ್ಯಾಸವೊಂದಿದೆ. ಭಾರತದಲ್ಲಿ ಚೀನೀ ತಿಂಡಿ ಬಹುಮಟ್ಟಿಗೆ ಹೊರಗೆ ತಿನ್ನುವ ತಿಂಡಿಯಾಗಿ ಉಳಿಯಿತು. ಪೆರುವಿನಲ್ಲಿ ಅದು ಮನೆಯೊಳಗೆ ಹೊಕ್ಕಿತು. ಸಿಯಾವೊ ಬಾಟಲಿಯಿಲ್ಲದ ಅಡುಗೆಮನೆ ಲಿಮಾದಲ್ಲಿ ಅಪರೂಪ.

ಚಿಫಾದ ಮೇಜಿನ ಮೇಲೆ ಇರಲೇಬೇಕಾದ ಹಳದಿ ಬಣ್ಣದ ಸಿಹಿ ಸೋಡಾ ‘ಇಂಕಾ ಕೋಲಾ’ ಕೂಡ ವಲಸಿಗರದೇ. ಇಂಗ್ಲೆಂಡಿನ ಶೆಫೀಲ್ಡಿನಿಂದ 1910ರಲ್ಲಿ ಬಂದ ಲಿಂಡ್ಲಿ ಕುಟುಂಬ ಲಿಮಾ ನಗರಕ್ಕೆ ನಾನೂರು ವರ್ಷ ತುಂಬಿದ 1935ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಇಂಗ್ಲಿಷರು ಮಾಡಿದ, ಇಂಕಾ ಹೆಸರಿನ ಪಾನೀಯವನ್ನು ಚೀನೀ ಊಟದ ಜೊತೆ ಕುಡಿಯುವುದು ಪೆರುವಿನವರಿಗೆ ಅಪ್ಪಟ ದೇಶೀ ಸಂಗತಿ. ಕೋಕಾ ಕೋಲಾ ದಶಕಗಳ ಕಾಲ ಅದನ್ನು ಸೋಲಿಸಲಾರದೆ 1999ರಲ್ಲಿ ಪಾಲು ಕೊಂಡು ಸುಮ್ಮನಾಯಿತು.

ಇಟಲಿಯವರ ಕತೆಯಲ್ಲಿ ಇಷ್ಟು ಕಹಿಯಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಜಿನೋವಾ ಸೀಮೆಯಿಂದ ಬಂದವರು ಕೂಲಿಗಳಾಗಿ ಬರಲಿಲ್ಲ, ಬಿಳಿಯರೂ ಆಗಿದ್ದರು. ಮೂಲೆ ಮೂಲೆಯಲ್ಲಿ ದಿನಸಿ ಅಂಗಡಿ ಹಾಕಿ ಬೇಗ ಮೇಲೆ ಬಂದರು. ಅವರ ಊರಿನ ‘ಪೆಸ್ತೊ’ ಎಂಬ ಹಸಿರು ಗೊಜ್ಜಿಗೆ ಬೇಕಾದ ಪೈನ್ ಬೀಜ ಸಿಗದ ಕಡೆ, ತುಳಸಿ ಜಾತಿಯ ಬೆಸಿಲ್ ಎಲೆಯ ಜೊತೆ ಪಾಲಕ್ ಸೊಪ್ಪು ಮತ್ತು ತಾಜಾ ಗಿಣ್ಣು ರುಬ್ಬಿ ‘ತಯಾರಿನೆಸ್ ವೆರ್ದೆಸ್’ ಎಂಬ ಹಸಿರು ಶಾವಿಗೆ ಮಾಡಿದರು. 1897ರಲ್ಲಿ ಲಿಮಾದಲ್ಲಿ ಐಸ್‌ಕ್ರೀಂ ಗಾಡಿ ತಳ್ಳಿದ ಪಿಯೆತ್ರೊ ದೊನೊಫ್ರಿಯೊ ಹೆಸರಿನ ಕಂಪನಿ ಮುಂದೆ ಮಿಲಾನಿನ ‘ಪನೆತ್ತೋನೆ’ ಕೇಕನ್ನು ದೇಶದ ಕ್ರಿಸ್‌ಮಸ್ ತಿನಿಸನ್ನಾಗಿ ಮಾಡಿತು. ಡಿಸೆಂಬರ್ ಲಿಮಾದಲ್ಲಿ ಬೇಸಗೆ. ಆದರೂ ಆ ರಾತ್ರಿ ಪನೆತ್ತೋನೆಯ ಜೊತೆ ಬಿಸಿ ಬಿಸಿ ಚಾಕೊಲೇಟ್ ಕುಡಿಯುವುದು ರೂಢಿ.

ಜಪಾನಿನ ಹಡಗು ‘ಸಕುರಾ ಮಾರು’ 1899ರ ಏಪ್ರಿಲ್ 3ರಂದು 790 ಗಂಡಾಳುಗಳೊಂದಿಗೆ ಕಯಾವೊ ಮುಟ್ಟಿತು. ಅವರನ್ನು ಕರೆತರುವ ವ್ಯವಹಾರದಲ್ಲಿ ಪೆರುವಿನ ಕಡೆಯಿಂದ ಇದ್ದವನು ಸಕ್ಕರೆ ಉದ್ಯಮಿ ಅಗುಸ್ತೊ ಲೆಗಿಯಾ, ಮುಂದೆ ದೇಶದ ಅಧ್ಯಕ್ಷನಾದವನು. ಕರಾರು ನಾಲ್ಕು ವರ್ಷದ್ದು. ಹೊಲಗಳು ಚೀನೀಯರು ದುಡಿದ ಅವೇ ಹೊಲಗಳು. ಮಲೇರಿಯಾ, ಕೂಲಿಯ ತಕರಾರು, ಭಾಷೆ ಬಾರದ ಮೇಸ್ತ್ರಿಗಳು, ಒಂದೂ ಬದಲಾಗಿರಲಿಲ್ಲ. ಮೊದಲ ವರ್ಷಗಳಲ್ಲೇ ಅನೇಕರು ಸತ್ತರು. ಉಳಿದವರು ಊರು ಸೇರಿದರು. 1923ರಲ್ಲಿ ಕರಾರು ಪದ್ಧತಿ ನಿಲ್ಲುವ ಹೊತ್ತಿಗೆ ಸುಮಾರು 18 ಸಾವಿರ ಮಂದಿ ಬಂದಿದ್ದರು, ಅವರಲ್ಲಿ ಒಕಿನಾವಾ ದ್ವೀಪದವರೂ ಬಹಳ. ಕ್ಷೌರದಂಗಡಿ, ದಿನಸಿ, ಕಾಫಿ ಹೋಟೆಲು, ಚಿಕ್ಕ ಖಾನಾವಳಿ ಅವರ ಕಸುಬುಗಳಾದವು. ಮೊದಮೊದಲು ಅವರೂ ಬಡಿಸಿದ್ದು ಪೆರುವಿನ ಊಟವನ್ನೇ. ಜಪಾನೀ ಅಡುಗೆ, ಮನೆಯ ಬಾಗಿಲು ಮುಚ್ಚಿದ ಮೇಲಿನದು.

ಆ ಬಾಗಿಲು ಇನ್ನಷ್ಟು ಬಿಗಿಯಾಗಿ ಮುಚ್ಚಲು ಕಾರಣಗಳೂ ಒದಗಿದವು. 1940ರ ಮೇ ತಿಂಗಳಲ್ಲಿ ಜಪಾನೀಯರು ಆಯುಧ ಕೂಡಿಟ್ಟಿದ್ದಾರೆಂಬ ಗಾಳಿಮಾತು ಹಬ್ಬಿ ಲಿಮಾದಲ್ಲಿ ಅವರ ನೂರಾರು ಅಂಗಡಿ, ಮನೆಗಳು ಲೂಟಿಯಾದವು. ಜಪಾನ್ ಎರಡನೆಯ ಮಹಾಯುದ್ಧಕ್ಕೆ ಇಳಿದ ಮೇಲೆ ಪೆರು ಸರಕಾರ ಸುಮಾರು 1,800 ಜಪಾನೀ ಮೂಲದವರನ್ನು ಹಿಡಿದು ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಒಪ್ಪಿಸಿತು. ಟೆಕ್ಸಸ್ಸಿನ ಕ್ರಿಸ್ಟಲ್ ಸಿಟಿಯಂಥ ಶಿಬಿರಗಳಲ್ಲಿ ಅವರನ್ನು ಕೂಡಿಹಾಕಲಾಯಿತು. ಯುದ್ಧ ಮುಗಿದಾಗ ಅವರಲ್ಲಿ ಹೆಚ್ಚಿನವರನ್ನು ಪೆರು ಮರಳಿ ಸೇರಿಸಲಿಲ್ಲ.

ಉಳಿದವರ ಕೈ ಪೆರುವಿನ ಮೀನಿನ ಅಡುಗೆಯ ಮೇಲೆ ಬಿದ್ದದ್ದು ಇದರ ನಂತರ. ಲಿಮಾದ ಸೆವಿಚೆಯನ್ನು ಹಿಂದೆ ಗಂಟೆಗಟ್ಟಲೆ ಹುಳಿಯಲ್ಲಿ ನೆನೆಸಿಡುತ್ತಿದ್ದರು. ಮೀನು ಬಿಳಚಿ, ಗಟ್ಟಿಯಾಗಿ, ಬೆಂದಂತಾಗುತ್ತಿತ್ತು. ಹಸಿ ಮೀನಿನ ತಾಜಾತನವನ್ನು ಕಣ್ಣಿನಿಂದಲೇ ಅಳೆಯಬಲ್ಲ ಜಪಾನೀಯರಿಗೆ ಅದು ಒಳ್ಳೆಯ ಮೀನನ್ನು ಹಾಳುಮಾಡಿದಂತೆ ಕಂಡಿತು. ಅವರ ಖಾನಾವಳಿಗಳಲ್ಲಿ ಗಂಟೆಗಳು ನಿಮಿಷಗಳಿಗಿಳಿದವು. ಗಿರಾಕಿ ಕೂತ ಮೇಲೆ ಮೀನು ಕತ್ತರಿಸಿ, ನಿಂಬೆ ಹಿಂಡಿ, ಕಲಸಿ, ಕೂಡಲೇ ಬಡಿಸುವ ಇಂದಿನ ಪದ್ಧತಿಗೆ ಇವರ ಪ್ರಭಾವ ಮುಖ್ಯ ಕಾರಣವೆಂದು ಪೆರುವಿನ ಅಡುಗೆ ಬಲ್ಲವರು ಹೇಳುತ್ತಾರೆ. ಮೀನನ್ನು ಸಾಶಿಮಿಯಂತೆ ತೆಳ್ಳಗೆ ಹಾಳೆಯಾಗಿ ಕೊಯ್ದು, ಈರುಳ್ಳಿಯಿಲ್ಲದೆ, ಹಳದಿ ಅಹಿ ಮತ್ತು ನಿಂಬೆಯ ರಸ ಮೇಲೆ ಹರಿಸುವ ‘ತಿರಾದಿತೊ’ ಅದರ ಮುಂದಿನ ಹೆಜ್ಜೆ. ಬಲೆಗೆ ಬಿದ್ದರೂ ಹಿಂದೆ ಬೆಲೆಯಿಲ್ಲದ ಆಕ್ಟೋಪಸ್ಸನ್ನು ಬೇಯಿಸಿ ತೆಳುವಾಗಿ ಹೆಚ್ಚಿ ಕಪ್ಪು ಆಲಿವ್ ಗೊಜ್ಜಿನಡಿ ಇಟ್ಟವರು ಕಯಾವೊದ ರೋಸಿತಾ ಯಿಮುರಾ. ಆಲಿವ್ ಸ್ಪೇನಿನವರದು, ಆಕ್ಟೋಪಸ್ ಜಪಾನೀ ನಾಲಗೆಯದು. ಇಂದು ಆ ತಟ್ಟೆ ಲಿಮಾದ ಮೀನಿನ ಹೋಟೆಲುಗಳಲ್ಲೆಲ್ಲ ಇದೆ.

1973ರಲ್ಲಿ ಟೋಕಿಯೊದಿಂದ ನೊಬುಯುಕಿ ಮತ್ಸುಹಿಸಾ ಎಂಬ ತರುಣ ಸುಶಿ ಬಾಣಸಿಗ ಲಿಮಾಕ್ಕೆ ಬಂದು ‘ಮತ್ಸುಯೆಯ್’ ಎಂಬ ಹೋಟೆಲು ತೆರೆದ. ಜಪಾನೀ ಸಾಮಾನು ಸಿಗದ ಕಡೆ ಅಹಿ, ಕೊತ್ತಂಬರಿ, ನಿಂಬೆಗಳಲ್ಲಿ ಕೈ ಆಡಿಸಲು ಕಲಿತ. ಅಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ. ಆದರೆ 1987ರಲ್ಲಿ ಕ್ಯಾಲಿಫೋರ್ನಿಯಾದ ಬೆವರ್ಲಿ ಹಿಲ್ಸ್‌ನಲ್ಲಿ ತನ್ನದೇ ಹೋಟೆಲು ತೆರೆದಾಗ, ಮುಂದೆ ‘ನೋಬು’ ಹೆಸರಿನಲ್ಲಿ ಲೋಕವಿಡೀ ಹಬ್ಬಿದಾಗ, ಲಿಮಾದ ರುಚಿಯನ್ನು ಜೊತೆಗೊಯ್ದ. ಜಪಾನೀ ಮೂಲದವರನ್ನು ಸೂಚಿಸುವ ‘ನಿಕ್ಕೆಯ್’ ಎಂಬ ಪದ ಹೀಗೆ ಒಂದು ಅಡುಗೆಯ ಹೆಸರಾಯಿತು.

ದೇಶದ ಅತ್ಯಂತ ಜನಪ್ರಿಯ ಊಟ ಮಾತ್ರ ಚೀನಾದ್ದೂ ಅಲ್ಲ, ಜಪಾನಿನದೂ ಅಲ್ಲ. 1950ರಲ್ಲಿ ಲಿಮಾದ ಹೊರವಲಯದಲ್ಲಿ ಕೋಳಿ ಸಾಕುತ್ತಿದ್ದ ಸ್ವಿಸ್ ವಲಸಿಗ ರೋಜರ್ ಶೂಲರ್ ಉಪ್ಪು ಹಚ್ಚಿದ ಇಡೀ ಕೋಳಿಗಳನ್ನು ಕೆಂಡದ ಮೇಲೆ ಸುಟ್ಟು ‘ಲಾ ಗ್ರಾಂಹಾ ಅಸುಲ್’ ಎಂಬ ತನ್ನ ಹೋಟೆಲಿನಲ್ಲಿ ಮಾರತೊಡಗಿದ. ಗಿರಾಕಿಗಳು ಹೆಚ್ಚಿದಾಗ ಇನ್ನೊಬ್ಬ ಸ್ವಿಸ್, ಫ್ರಾನ್ಸ್ ಉಲ್ರಿಚ್, ಹಲವು ಕೋಳಿಗಳು ಒಟ್ಟಿಗೆ ತಿರುಗುವ ಒಲೆಯನ್ನು ರೂಪಿಸಿಕೊಟ್ಟ. ‘ಪೊಯೊ ಅ ಲಾ ಬ್ರಾಸಾ’ ಎಂಬ ಈ ಸುಟ್ಟ ಕೋಳಿ ಶ್ರೀಮಂತರ ಭಾನುವಾರದ ಊಟವಾಗಿ ಶುರುವಾಗಿ ದಶಕಗಳಲ್ಲಿ ಬಡಾವಣೆ ಬಡಾವಣೆಗೂ ಇಳಿಯಿತು. ಇಳಿಯುತ್ತಾ ಅದರ ಮೇಲೆ ಜೀರಿಗೆ, ಅಹಿ, ಮತ್ತೆ ಅದೇ ಸಿಯಾವೊ ಏರಿದವು. ಜುಲೈ ತಿಂಗಳ ಮೂರನೆಯ ಭಾನುವಾರ ಈಗ ಅದರ ಹೆಸರಿನ ದಿನ.

ಬಡಾವಣೆಗಳ ಮಾತು ಬಂದರೆ ಇನ್ನೊಂದು ವಲಸೆಯನ್ನು ಹೇಳದೆ ದಾಟುವಂತಿಲ್ಲ. 1940ರಲ್ಲಿ ಸುಮಾರು ಆರು ಲಕ್ಷ ಜನರಿದ್ದ ಲಿಮಾದಲ್ಲಿ 1981ರ ಹೊತ್ತಿಗೆ 46 ಲಕ್ಷ ಜನರಾದರು. ಬಂದವರು ಹೆಚ್ಚಾಗಿ ಆಂಡೀಸಿನ ರೈತರು, 1980ರ ನಂತರ ಬಂಡುಕೋರರ ಮತ್ತು ಸೇನೆಯ ನಡುವೆ ಸಿಕ್ಕಿ ಓಡಿಬಂದವರೂ ಸೇರಿ. ತಮ್ಮದೇ ದೇಶದ ರಾಜಧಾನಿಯಲ್ಲಿ ಅವರನ್ನು ಹೊರಗಿನವರಂತೆ ಕಂಡರು. ಚುನ್ಯೊ, ಕೂಯ್, ಕಿನೊವಾಗಳನ್ನು ಲಿಮಾದ ಮೇಲ್ವರ್ಗ ಬೆಟ್ಟದವರ ತಿನಿಸೆಂದು ಬಹುಕಾಲ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಕಡಲಾಚೆಯ ಸೋಯಾ ಸಾಸ್ ಊಟದ ಮೇಜು ಹತ್ತಿದ ಎಷ್ಟೋ ವರ್ಷಗಳ ನಂತರ ಆ ನೆಲದ ಹಳೆಯ ಧಾನ್ಯ ಅಲ್ಲಿಗೆ ಏರಿತು. ಅಕ್ಕಿಯ ಬದಲು ಕಿನೊವಾ ಹಾಕಿ ಹುರಿದ ‘ಚೌಫಾ’ ಈಗ ಹೋಟೆಲುಗಳಲ್ಲಿ ಸಿಗುತ್ತದೆ. ಆಂಡೀಸಿನ ಧಾನ್ಯಕ್ಕೆ ಲಿಮಾದ ಬಾಗಿಲು ತೆರೆಯಲು ಚೀನೀ ಬಾಣಲೆ ಬೇಕಾಯಿತು.

1990ರಲ್ಲಿ ಜಪಾನೀ ವಲಸಿಗರ ಮಗ ಅಲ್ಬೆರ್ತೊ ಫುಜಿಮೊರಿ ದೇಶದ ಅಧ್ಯಕ್ಷನಾದ. ಜನ ಅವನನ್ನು ಕರೆದದ್ದು ‘ಎಲ್ ಚೀನೊ’, ಚೀನೀಯ ಎಂದು. ಹಡಗಿಳಿದವರ ನಡುವಿನ ಅಂತರ ನೋಡುವ ಸಹನೆ ಬೀದಿಗೆ ಆಗಲೂ ಬಂದಿರಲಿಲ್ಲ. ಅವರ ಅಡುಗೆಗೆ ಮಾತ್ರ ಮನ್ನಣೆ ಸಿಗತೊಡಗಿತು. 1994ರಲ್ಲಿ ಬಾಣಸಿಗ ಗಾಸ್ತೋನ್ ಅಕೂರಿಯೊ ತನ್ನ ಜರ್ಮನ್ ಮೂಲದ ಪತ್ನಿ ಆಸ್ಟ್ರಿಡ್ ಜೊತೆ ತೆರೆದ ಹೋಟೆಲು ಮೊದಲು ಫ್ರೆಂಚ್ ಅಡುಗೆ ಬಡಿಸಿ ನಂತರ ಪೆರುವಿನ ಅಡುಗೆಗೆ ಹೊರಳಿತು. 2008ರಿಂದ ಲಿಮಾದಲ್ಲಿ ನಡೆದ ‘ಮಿಸ್ತೂರಾ’ ಆಹಾರ ಮೇಳದಲ್ಲಿ ಆಂತಿಕೂಚೊ ಮಾರುವ ಹೆಂಗಸೂ ಹೆಸರಾಂತ ಬಾಣಸಿಗನೂ ಅಕ್ಕಪಕ್ಕ ನಿಂತರು. 2023ರಲ್ಲಿ ಯುನೆಸ್ಕೊ ಸೆವಿಚೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. 2025ರಲ್ಲಿ ಜಗತ್ತಿನ ಐವತ್ತು ಉತ್ತಮ ರೆಸ್ಟೊರೆಂಟುಗಳ ಪಟ್ಟಿಯ ಮೊದಲ ಸ್ಥಾನ ಲಿಮಾದ ‘ಮಾಯ್ದೊ’ಗೆ ಸಿಕ್ಕಿತು. ಅದು ನಿಕ್ಕೆಯ್ ಅಡುಗೆಯ ಮನೆ. ನಡೆಸುವವರು ಜಪಾನೀ ಮೂಲದ ಮಿತ್ಸುಹಾರು ತ್ಸುಮುರಾ. ಚೀನೀಯರೂ ಮೇಲೇರಿದ್ದರು: 1942ರಲ್ಲಿ ಲಿಮಾದಲ್ಲಿ ಚೀನೀ ಕುಟುಂಬವೊಂದು ತೆರೆದ ಮೂಲೆಯಂಗಡಿ ಬೆಳೆದು ‘ವೋಂಗ್’ ಎಂಬ ದೊಡ್ಡ ಸೂಪರ್‌ಮಾರ್ಕೆಟ್ ಸರಣಿಯಾಗಿತ್ತು. ಅದನ್ನು 2007ರಲ್ಲಿ ಕೊಂಡದ್ದು ಚಿಲಿಯ ಕಂಪನಿ. ಚಿಲಿಯ ದಂಡಿನ ಹಿಂದೆ ಹೋದರೆಂದು ಚೀನೀಯರ ಅಂಗಡಿಗಳನ್ನು ಸುಟ್ಟ ಊರು ಅದೇ.

2017ರಿಂದೀಚೆಗೆ ಹಡಗಿನ ಬದಲು ಬಸ್ಸಿನಲ್ಲಿ, ಕಾಲ್ನಡಿಗೆಯಲ್ಲಿ ಹೊಸಬರು ಬಂದರು. ಹಣದುಬ್ಬರ, ಹಸಿವಿನಿಂದ ವೆನೆಜುವೆಲಾ ಬಿಟ್ಟವರಲ್ಲಿ ಹದಿನೈದು ಲಕ್ಷಕ್ಕೂ ಹೆಚ್ಚು ಜನ ಪೆರುವಿನಲ್ಲಿ ನೆಲೆನಿಂತಿದ್ದಾರೆ. ಬಹುಪಾಲು ಲಿಮಾದಲ್ಲೇ. ಅವರ ದಿನದ ಆಹಾರ ‘ಅರೆಪಾ’, ಬೇಯಿಸಿ ಒಣಗಿಸಿದ ಮುಸುಕಿನ ಜೋಳದ ಹಿಟ್ಟಿನ ದಪ್ಪ ರೊಟ್ಟಿ, ನಡುವೆ ಸೀಳಿ ಮಾಂಸವನ್ನೋ ಬೀನ್ಸ್ ಕಾಳನ್ನೋ ಗಿಣ್ಣನ್ನೋ ತುಂಬಿದ್ದು. ಕೂಲಿ ದರ ಇಳಿಯಲು, ಕಳ್ಳತನ ಹೆಚ್ಚಲು ಇವರೇ ಕಾರಣವೆಂಬ ದೂರು ಎದ್ದಿತು. 2019ರ ಜೂನ್‌ನಲ್ಲಿ ಪಾಸ್‌ಪೋರ್ಟ್ ಮತ್ತು ವೀಸಾ ಇಲ್ಲದ ವೆನೆಜುವೆಲಾದವರಿಗೆ ಗಡಿ ಮುಚ್ಚಿತು. ಆ ಹೊತ್ತಿಗಾಗಲೇ ಲಿಮಾದ ಬೀದಿಗಳಲ್ಲಿ ಬೆಳಗಿನ ತಿಂಡಿಯ ಗಾಡಿಗಳ ನಡುವೆ ಅರೆಪಾದ ಕಾವಲಿಗಳೂ ಕಾಯುತ್ತಿದ್ದವು.